ಗಂಟಲಲ್ಲಿ ಉಳಿದ ಮೇಷ್ಟ್ರು

ಸತ್ತವರ ದನಿ ತೆಗೆಯಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ, ಹೇಳಿದವರ ದನಿಯಲ್ಲೇ ಅದನ್ನು ಅವರಿಗೆ ತಿರುಗಿಸಿ ಹೇಳಿ ನಗಿಸುತ್ತಿದ್ದೆ. ಅಂಥ ಬುದ್ಧಿ ನನ್ನದು.

ನನ್ನ ಹೊಟ್ಟೆಪಾಡೇ ದನಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದು, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದೇನೆ. ದನಗಳಿಗೆ ಕಾಲುಬಾಯಿ ಲಸಿಕೆ, ಕರೆಂಟು ನಿಲುಗಡೆ, ರೇಷ್ಮೆ ಸೀರೆ ರಿಯಾಯಿತಿ, ಹನೂರಿನಲ್ಲಿ ಕಣ್ಣಿನ ಶಿಬಿರ, ಏನಿದ್ದರೂ ನಾನು ರೆಕಾರ್ಡ್ ಮಾಡುತ್ತೇನೆ. ಡ್ರೈವರ್ ಮಾದು ಅದನ್ನು ಜೀಪಿನ ನೆತ್ತಿಯ ಹಾರನ್‌ಗಳಿಗೆ ಕೊಟ್ಟು ರಾಮಾಪುರದವರೆಗೂ ಊದಿಕೊಂಡು ಬರುತ್ತಾನೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಕಾಲುಬಾಯಿ ರೋಗದ ಪ್ರಚಾರ ಮಾಡುವುದೇ ಎಂದು ಯಾರಾದರೂ ಕೇಳಿದರೆ, ತತ್ತ್ವಜ್ಞಾನಿಗಳಿಗೆ ಇರುವುದೂ ಅದೇ ರೋಗ, ಕಾಲು ನಿಲ್ಲುವುದಿಲ್ಲ, ಬಾಯಿ ಮುಚ್ಚುವುದಿಲ್ಲ ಎನ್ನುತ್ತೇನೆ.

ನನಗೆ ಆ ರೋಗ ಹತ್ತಿಸಿದವರು ಗುರುಸಿದ್ದಯ್ಯ ಮೇಷ್ಟ್ರು. ಕಾಲೇಜಿನಲ್ಲಿ ಅವರು ಕಲಿಸಬೇಕಾಗಿದ್ದದ್ದು ಭಾರತೀಯ ದರ್ಶನ. ಕಲಿಸುತ್ತಿದ್ದದ್ದೂ ಅದನ್ನೇ, ಗಂಟೆಯ ಮೊದಲ ಅರ್ಧ. ಉಳಿದರ್ಧದಲ್ಲಿ ಅವರ ಮನಸ್ಸು ಕಬ್ಬಾಲಾಕ್ಕೆ ಜಾರುತ್ತಿತ್ತು. ಯಹೂದ್ಯರ ಗುಪ್ತವಿದ್ಯೆ ಅದು. ಪ್ರಾಯದಲ್ಲಿ ಮೈಸೂರಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದಪ್ಪ ಪುಸ್ತಕವೊಂದು ಅವರ ಕೈಗೆ ಬಿದ್ದಿತ್ತು. ಅದರ ನಡುವೆ ಹತ್ತು ವೃತ್ತ, ಅವನ್ನು ಕೂಡಿಸುವ ಇಪ್ಪತ್ತೆರಡು ಗೆರೆಗಳ ಒಂದು ಚಿತ್ರ. ಆ ಪುಸ್ತಕ ಇನ್ನೊಂದನ್ನು ಎಳೆದು ತಂದಿತು, ಇನ್ನೊಂದು ಮತ್ತೊಂದನ್ನು. ಮೂರು ಬೀರು ತುಂಬಿದವು.

"ಕಬ್ಬಾಲಾ ಅಂದ್ರೆ ಕಬ್ಬಿನ ಹಾಲಾ ಸಾ?" ಮೊದಲ ದಿನವೇ ಕೇಳಿದ್ದೆ.

"ಪಡೆದದ್ದು ಅಂತ ಅರ್ಥ ಕಣಯ್ಯ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ. ನಿನ್ನಲ್ಲಿ ಬಾಯಿ ತುಂಬಿದೆ, ಕಿವಿ ಖಾಲಿ ಇದೆ. ಸೀಟು ಹಿಡಿದು ಕೂತ್ಕೊ."

ಕೊಳ್ಳೇಗಾಲದಲ್ಲಿ ಕೂತು ಗುಪ್ತವಿದ್ಯೆ ಎಂದರೆ ಕೇಳಬೇಕೆ. ನಿಂಬೆಹಣ್ಣು ಹಿಡಿದುಕೊಂಡು ದೂರದೂರಿನವರು ಕಾಲೇಜಿನ ಗೇಟಿಗೇ ಬಂದು ಬಿಡುತ್ತಿದ್ದರು. ಮೇಷ್ಟ್ರು ನಿಂಬೆಹಣ್ಣು ಇಸಿದುಕೊಂಡು, "ನಂದು ಮಾಟ ಅಲ್ಲಪ್ಪ, ಬರೀ ಮಾತು" ಎಂದು ಹೇಳಿ, ಪಾನಕ ಮಾಡಿಸಿ ಅವರಿಗೇ ಕುಡಿಸಿ ಕಳಿಸುವರು. ಲಂಡನ್ನಿನ ಗುಪ್ತ ಸಂಘದವರ ಮೇಲೂ ಅವರಿಗೆ ಅಂಥ ಗೌರವವೇನಿರಲಿಲ್ಲ. ಹಳೇ ವಿದ್ಯೆಗೆ ಇಸ್ಪೀಟಿನ ಎಲೆ, ಗ್ರಹ, ಬಣ್ಣ ಎಲ್ಲ ಕಲಸಿ ಚಿತ್ರಾನ್ನ ಮಾಡಿಟ್ಟರು, ಚಿತ್ರ ಸಿಕ್ಕಿತು, ಅನ್ನ ಸಿಗಲಿಲ್ಲ ಎನ್ನುವರು. ಒಮ್ಮೆ ನಮ್ಮನ್ನೆಲ್ಲ ಟಿಬೆಟಿನವರು ನೆಲೆಸಿರುವ ಒಡೆಯರಪಾಳ್ಯಕ್ಕೆ ಕರೆದುಕೊಂಡು ಹೋಗಿ ಟಿಬೆಟಿನ ಭಿಕ್ಷುವೊಬ್ಬರಿಗೆ ಆ ಹತ್ತು ವೃತ್ತ ತೋರಿಸಿದರು. ಅವರು ಬಹಳ ಹೊತ್ತು ನೋಡಿ, "ನಮ್ದೂ ಇಂಗೇ. ಬಣ್ಣ ಜಾಸ್ತಿ" ಎಂದರು. ಮೇಷ್ಟ್ರು ಒಂದು ವಾರ ಆ ಮಾತನ್ನು ಹೇಳಿಕೊಂಡು ನಕ್ಕರು.

ಅವರ ದನಿಯನ್ನು ನಾನು ಕಲಿತದ್ದು ಆಗಲೇ. ಎರಡೇ ಗುಟ್ಟು. 'ಅಂದರೆ ಏನು?' ಎಂದು ತಾವೇ ಕೇಳಿಕೊಳ್ಳುವುದು. ಆಮೇಲೆ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಒಂದು ಉಸಿರು ಒಳಗೆಳೆದುಕೊಂಡು ತಾವೇ ಉತ್ತರ ಕೊಡುವುದು.

"ಅಂದರೆ ಏನು? ಅಂದರೆ, ಕೊನೆಯೇ ಇಲ್ಲದ ಒಂದಿದೆ. ನಮ್ಮವರು ಬಯಲು ಅಂದರು. ಅದು ಎಲ್ಲ ಕಡೆ ತುಂಬಿಕೊಂಡಿದ್ದರೆ ನಿನಗೆ ನನಗೆ ಜಾಗ ಎಲ್ಲಿ? ಅದಕ್ಕೇ ಅದು ಒಂದು ಹೆಜ್ಜೆ ಹಿಂದೆ ಸರೀತು. ಸರಿದ ಜಾಗಕ್ಕೆ ಉಕ್ಕಿ ಹರೀತು. ಹೀಗೆ ಒಂದರಿಂದ ಎಲ್ಲ ಉಕ್ಕಿತು ಅನ್ನೋದನ್ನ ಅವರು ಹಳೇ ಗ್ರೀಕರಿಂದ ಕಲಿತರು. ನಮ್ಮ ಕಡೆ ಸಾಲು ಕೆರೆ ನೋಡಿದೀಯಲ್ಲ, ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಾಗೆ ಹತ್ತು ಕೆರೆ, ಇಪ್ಪತ್ತೆರಡು ಕಾಲುವೆ, ಕಾಲುವೆಗೊಂದು ಅಕ್ಷರ. ಒಂದು ಸಲ ನೀರಿನ ರಭಸಕ್ಕೆ ಏರಿಗಳೇ ಒಡೆದು ಹೋದವು. ಆ ಕೆಸರಲ್ಲಿ ಇನ್ನೂ ಹೊಳೀತಿರೋ ಹನಿಗಳನ್ನ ಬಳಿದು ಒಟ್ಟು ಮಾಡೋದೇ ಮನುಷ್ಯನ ಕೆಲಸ."

ಈ ಹೋಲಿಕೆಯನ್ನೇ ಹಿಡಿದು ಅವರು ಕನ್ನಡದಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ಕೆರೆಗೊಂದು ನೋಟ್‌ಬುಕ್, ಒಟ್ಟು ಹತ್ತು. ನಿವೃತ್ತರಾಗಿ ಯಳಂದೂರಿನ ಮನೆ ಸೇರಿದ ಮೇಲೂ ಬರೆಯುತ್ತಲೇ ಇದ್ದರು. ಒಂದು ಪುಟ ತೋರಿಸಿ ಎಂದರೆ, ಈ ವಿದ್ಯೆಗೆ ಹಳೇ ಕಟ್ಟಳೆ ಇದೆ, ಮದುವೆಯಾಗಿ ನಲವತ್ತು ದಾಟಿರಬೇಕು ಎನ್ನುವರು. ನನಗೆ ಮೂವತ್ತೆಂಟು. ಮದುವೆಯ ಮಾತು ಬೇಡ.

ಈ ವರ್ಷ ಆಷಾಢದಲ್ಲಿ ಮೇಷ್ಟ್ರು ಕುರ್ಚಿಯಲ್ಲಿ ಕೂತಂತೆಯೇ ಹೋದರು. ಪೆನ್ಸಿಲು ಬೆರಳಲ್ಲೇ ಇತ್ತು. ಮಣ್ಣು ಮಾಡಿ ಬಂದು, ಹಳೇ ವಿದ್ಯಾರ್ಥಿಗಳು ಐದಾರು ಜನ ಟೀ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೆವು. ಯಾರೋ, "ಬಸವೇಶ, ಒಂದ್ಸಲ ಮೇಷ್ಟ್ರ ತಗೀಲಾ" ಎಂದರು. ತೆಗೆದೆ. ಯಾರೂ ನಗಲಿಲ್ಲ. ಒಬ್ಬ ಎದ್ದು ರಸ್ತೆಯ ಆಚೆಗೆ ಹೋಗಿ ನಿಂತ. ಆಮೇಲೆ ಫೋನುಗಳು ಶುರುವಾದವು, ಒಂದು ವಾಯ್ಸ್ ಮೆಸೇಜು ಕಳಿಸು, ಒಂದೇ ಒಂದು ಎಂದು. ಬದುಕಿದ್ದಾಗ ನೂರು ಜನರ ಎದುರು ಮಾಡಿದ್ದ ಮಿಮಿಕ್ರಿ ಅದು. ಸತ್ತ ಮೇಲೆ ಅದು ಇನ್ನೂ ಸಲೀಸಾಗಿ ಬರುತ್ತಿತ್ತು. ಅಷ್ಟು ಸಲೀಸು ಯಾಕೆ ಎಂದು ನಾನು ಯೋಚಿಸಬೇಕಿತ್ತು.

ಮಾರ್ಲಾಮಿಗೆ, ಅಂದರೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ, ನಾಲ್ಕು ದಿನ ಇದ್ದಾಗ ಮೇಷ್ಟ್ರ ಮಗಳು ಮಾಲಿನಿ ಫೋನ್ ಮಾಡಿದಳು. ಹನೂರಿನ ಹೈಸ್ಕೂಲಿನಲ್ಲಿ ಟೀಚರು.

"ಬಸವೇಶಣ್ಣ, ಅವ್ವ ಅಪ್ಪಾಜಿ ಪುಸ್ತಕವ ಹೊಳೆಗೆ ಬಿಡ್ತಾಳಂತೆ."

"ಯಾವ ಪುಸ್ತಕ?"

"ಯಾವ್ದು ಅಂತೀಯಲ್ಲ. ಹತ್ತೂ. ಮಾರ್ಲಾಮೀಲಿ ಎಡೆಗಿಟ್ಟು, ಸಾಯಂಕಾಲ ಹೊಳೆಗೆ. ಅವ್ರದ್ದು ಅವ್ರಿಗೇ ಸೇರ್ಲಿ ಅಂತ."

"ಒಂದು ಜೆರಾಕ್ಸು?"

"ಮುಗಿಯೋಗಂಟ ಯಾರ್ಗೂ ತೋರಿಸ್ಬೇಡ ಅಂದಿದ್ರಂತೆ. ಮುಗೀನಿಲ್ವಲ್ಲ. ನಂಗೇ ಮುಟ್ಟಕ್ ಬಿಡಲ್ಲ, ಇನ್ನು ಜೆರಾಕ್ಸ್ ಅಂಗಡಿಯವ್ನಿಗೆ ಬಿಟ್ಟಾಳಾ?"

ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಮೇಷ್ಟ್ರ ದನಿ ನನ್ನ ಹತ್ತಿರ ಇತ್ತು. ಆ ದನಿಯಲ್ಲಿ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ, ಹಳೇ ಜೋಕುಗಳ ಹೊರತು. ಹೇಳಬೇಕಾದದ್ದೆಲ್ಲ ಆ ಹತ್ತು ನೋಟ್‌ಬುಕ್ಕಿನಲ್ಲಿತ್ತು. ಅವು ಸುವರ್ಣಾವತಿ ಹೊಳೆಯ ನೀರಿಗೆ ಬಿದ್ದರೆ ನಾನು ಬರೀ ಹಾರನ್ನು.

ಉಪಾಯ ಮಾಲಿನಿಯದೇ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಜಗಲಿಗೆ ಬರುತ್ತಾರೆ. ಒಂದು ವೀಳ್ಯ ಅಗಿದು ಮುಗಿಸುವಷ್ಟು ಹೊತ್ತು ಒಳಗೆ ಯಾರೂ ಇರುವಂತಿಲ್ಲ. ತೀರಿಕೊಂಡವರು ಬಂದು ಉಂಡು ಹೋಗುವ ಹೊತ್ತು ಅದು. ಆಮೇಲೆ ಮನೆಯ ಹಿರಿಯರು ಮೂರು ಸಲ ಕೆಮ್ಮಿ, ಒಳಗಿದ್ದವರಿಗೆ ಎದ್ದು ಹೋಗಲು ಸೂಚನೆ ಕೊಟ್ಟು, ಬಾಗಿಲು ತೆಗೆಯುತ್ತಾರೆ. ಹೊರಗಿನವರು ಬನ್ನಿ ಎಂದು ಕರೆಯಬಹುದು. ಒಳಗಿನಿಂದ ಉತ್ತರ ಬರುವುದಿಲ್ಲ, ಬರಬಾರದು. ಆ ಹೊತ್ತಿನಲ್ಲಿ ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಫೋನಿನಲ್ಲಿ ಪುಟ ಪುಟ ಫೋಟೋ ತೆಗೆದುಕೊಳ್ಳುವುದು ಎಂದಾಯಿತು.

"ಅವ್ವ ಎಲೆ ನಿಧಾನವಾಗಿ ಅಗೀತಾಳೆ, ಹಲ್ಲಿಲ್ಲ" ಎಂದಳು ಮಾಲಿನಿ. "ನಿಂಗೆ ಕಾಲು ಗಂಟೆ ಸಿಕ್ತದೆ."

ಹಬ್ಬದ ದಿನ ಮಧ್ಯಾಹ್ನ ಎರಡು ಗಂಟೆ. ಹಿತ್ತಲ ಬಾಗಿಲಿನ ಅಗಳಿ ಮಾಲಿನಿ ತೆಗೆದಿಟ್ಟಿದ್ದಳು. ನಡುಮನೆ ಹೊಗೆಯಿಂದ ತುಂಬಿತ್ತು. ಕಿಟಕಿ ಮುಚ್ಚಿದ್ದರು, ಒಂದು ಎಣ್ಣೆ ದೀಪ. ಮೇಷ್ಟ್ರ ಫೋಟೋದ ಮುಂದೆ ಬಾಳೆಯೆಲೆ, ಎಲೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಎರಡು ಒಬ್ಬಟ್ಟು. ಪಕ್ಕದಲ್ಲಿ ಮಡಿಸಿದ ಹೊಸ ಪಂಚೆ, ನಶ್ಯದ ಡಬ್ಬಿ, ಹತ್ತು ನೋಟ್‌ಬುಕ್ಕು, ಅವುಗಳ ಮೇಲೆ ಕನ್ನಡಕ. ಕನ್ನಡಕದ ಗಾಜಿನಲ್ಲಿ ದೀಪ ಎರಡಾಗಿ ಉರಿಯುತ್ತಿತ್ತು.

ಕನ್ನಡಕ ಎತ್ತಿ ಪಕ್ಕಕ್ಕಿಟ್ಟೆ. ಬುದ್ಧಿವಂತನಾದರೆ ಮೊದಲ ನೋಟ್‌ಬುಕ್ಕಿನಿಂದ ಶುರು ಮಾಡಬೇಕು. ನಾನು ಚಪಲ ತಡೆಯಲಾರದೆ ಹತ್ತನೆಯದನ್ನು ತೆಗೆದೆ. ಮೊದಲ ಪುಟದಲ್ಲಿ 'ಹತ್ತನೆಯ ಕೆರೆ' ಎಂದಿತ್ತು. ಕೆಳಗೆ ಒಂದೇ ಸಾಲು: 'ಇದಕ್ಕೆ ಸ್ವಂತ ನೀರಿಲ್ಲ, ಮೇಲಿನ ಒಂಬತ್ತೂ ಕಳಿಸಿದ್ದನ್ನು ಇವಳು ಹಿಡಿದಿಟ್ಟುಕೊಳ್ಳುತ್ತಾಳೆ.' ಆಮೇಲೆ ಕೊನೆಯವರೆಗೂ ಖಾಲಿ ಹಾಳೆ. ಕೆರೆಯ ಬಗ್ಗೆ ಬರೆಯುತ್ತಾ 'ಇವಳು' ಎಂದು ಯಾಕೆ ಬರೆದರೋ. ಅದನ್ನಿಟ್ಟು ಮೊದಲನೆಯದನ್ನು ತೆರೆದು ನಾಲ್ಕು ಪುಟ ಫೋಟೋ ತೆಗೆದಿದ್ದೆ.

ಬಾಗಿಲಾಚೆಯಿಂದ ಚನ್ನಾಜಮ್ಮನವರ ದನಿ ಬಂತು. ಮೇಷ್ಟ್ರ ಹೆಂಡತಿ.

"ಬನ್ನಿ. ಉಣ್ಬನ್ನಿ."

ಮೂರು ಸಲ ಕರೆದರು. ಪದ್ಧತಿ ಅಷ್ಟೇ. ಆದರೆ ಅವರು ಅಲ್ಲಿಂದ ಏಳಲಿಲ್ಲ. ಬಾಗಿಲಿಗೇ ಬೆನ್ನು ಕೊಟ್ಟು ಕೂತರೆಂದು ಹಲಗೆಯ ಕಿರುಗುಟ್ಟುವಿಕೆಯಿಂದ ತಿಳಿಯಿತು. ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಹೇಳಿದರು:

"ಪುಸ್ತ್ಕವ ಇವತ್ತು ಹೊಳೆಗೆ ಬುಡ್ತೀನಿ. ನಿಮ್ಗೇನಾರ ಬ್ಯಾಸ್ರ ಅದಾ?"

ಫೋನು ಜೇಬಿಗಿಟ್ಟೆ. ಆಮೇಲೆ ಮೇಷ್ಟ್ರ ದನಿ ತೆಗೆದೆ.

"ಅಂದರೆ ಏನು? ಅಂದರೆ, ಬಿಡಬೇಡ. ಬಸವೇಶನ ಕೈಗೆ ಕೊಡು. ಅವನು ಅಚ್ಚು ಹಾಕಿಸ್ತಾನೆ."

ಚೆನ್ನಾಗಿಯೇ ಬಂತು. ಆ ಹೊಗೆಯಲ್ಲಿ ಅದು ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ತೋಳಿನ ಕೂದಲು ನಿಂತವು. ಹೊರಗೆ ಎಲೆ ಅಗಿಯುವ ಸದ್ದು ನಿಂತಿತು.

"ಆಗ್ಲಿ" ಎಂದರು ಚನ್ನಾಜಮ್ಮ. ಆಮೇಲೆ, "ನನ್ನ ಏನಂತ ಕರೀತಿದ್ರಿ ನೀವು?"

ನಾಲ್ಕು ಜನರ ಮುಂದೆ ಮೇಷ್ಟ್ರು ಹೆಂಡತಿಯನ್ನು 'ಇವಳೇ' ಎನ್ನುತ್ತಿದ್ದರು. ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತಿತ್ತು. ಇಬ್ಬರೇ ಇದ್ದಾಗಿನ ಹೆಸರು ಅದು, ಬೇರೆ ಯಾರ ಕಿವಿಗೂ ಬಿದ್ದಿರದ್ದು. ಸುಮ್ಮನಿರುವುದೇ ಸರಿ, ಸತ್ತವರು ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದುಕೊಂಡು, ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಡತೊಡಗಿದೆ.

ಬಿಡುತ್ತಿದ್ದಾಗಲೇ ಉಸಿರು ಒಳಗೆ ಹೋಯಿತು.

ನಾನು ಎಳೆದುಕೊಂಡದ್ದಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಅದು ತಾನೇ ಹೋಯಿತು. ನನ್ನ ನಾಲಗೆ ಎದ್ದು ಅಂಗುಳಕ್ಕೆ ತಾಗಿತು, ಇಳಿಯಿತು, ತುಟಿಗಳು ಕೂಡಿ ಬೇರೆಯಾದವು. ಎರಡೋ ಮೂರೋ ಅಕ್ಷರ. ನನ್ನ ಬಾಯಿಂದ ಹೊರಟದ್ದು ನನ್ನ ಕಿವಿಗೆ ಬೀಳಲಿಲ್ಲ. ಕಿವಿಯ ಜಾಗದಲ್ಲಿ ಹತ್ತಿ ಇಟ್ಟಂತಿತ್ತು. ಬಾಗಿಲಿನ ಹಲಗೆಗೆ ಅವರ ತಲೆ ತಾಗಿದ ಸದ್ದು ಮಾತ್ರ ಕೇಳಿತು.

ಆಮೇಲೆ ಮೂರು ಕೆಮ್ಮು. ನಾನು ಕನ್ನಡಕವನ್ನು ಮತ್ತೆ ಮೇಲಿಟ್ಟೆನೋ ಇಲ್ಲವೋ ನೆನಪಿಲ್ಲ. ಹಿತ್ತಲಿಗೆ ಬಿದ್ದು ಓಡಿ, ಸಂದಿ ಸುತ್ತಿ, ಬೀದಿಯ ಕಡೆಯಿಂದ ಈಗ ತಾನೇ ಬಂದವನಂತೆ ಬಂದೆ. ಕಾಗೆಗೆ ಅನ್ನ ಇಡಲು ಬೀದಿಯ ಕೊನೆಗೆ ಹೋಗಿದ್ದ ಮಾಲಿನಿ ಎದುರಾದಳು.

"ಆಯ್ತಾ?"

"ನಾಕು ಪುಟ."

"ನಾಕಾ? ಕಾಲು ಗಂಟೇಲಿ ನಾಕು ಪುಟನಾ? ಸರ್ಕಾರಿ ಆಫೀಸಾ ಇದು?" ಎಂದಳು.

ಊಟಕ್ಕೆ ಚನ್ನಾಜಮ್ಮನವರೇ ಬಡಿಸಿದರು. ಪುಸ್ತಕ ಹೊಳೆಗೆ ಹೋಗುವುದಿಲ್ಲ ಎಂದು ಮಗಳಿಗೆ ಹೇಳಿದರು, ಕಾರಣ ಹೇಳಲಿಲ್ಲ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಚೊಂಬು ಹಿಡಿದು ಹಿಂದೆಯೇ ಬಂದರು.

"ಸಂದೀಲಿ ಬಂದು ಇತ್ತಲಿಂದ ನೀ ನುಗ್ಗಿದ್ದ ಕಂಡೆ ಕಣ್ಲಾ."

ನೀರು ನನ್ನ ಕೈ ಮೇಲೆ ಬೀಳುತ್ತಲೇ ಇತ್ತು.

"ಮೊದಲ್ನೇ ಮಾತು ನಿಂದು. ಬಸ್ವೇಶನ ಕೈಗೆ ಕೊಡು ಅಂದದ್ದು. ನಗು ಬಂತು ನಂಗೆ. ಸತ್ತೋರ ಬಾಯಲ್ಲಿ ಸಿಫಾರಸು ಏಳ್ಸ್ತಾನಲ್ಲ ಅಂತ. ಸಿಗಾಕಿಸ್ಬೇಕು ಅಂತ್ಲೇ ಎಸ್ರು ಕೇಳ್ದೆ."

"ತಪ್ಪಾಯ್ತು ಅವ್ವ."

"ಎರಡ್ನೇದು ನಿಂದಲ್ಲ."

"ನಾನು ಏನಂದೆ ಅವ್ವ?"

ಅವರು ಚೊಂಬು ಕೆಳಗಿಟ್ಟರು. "ನಿಂಗೆ ಗೊತ್ತಿಲ್ವಾ?"

"ಇಲ್ಲ. ಕೇಳಿಸಲಿಲ್ಲ."

ಬಹಳ ಹೊತ್ತು ಅವರು ನನ್ನ ಮುಖ ನೋಡಲಿಲ್ಲ, ನನ್ನ ಕತ್ತು ನೋಡಿದರು. ಹಾವು ಹೊಕ್ಕ ಬಿಲ ನೋಡುವ ಹಾಗೆ. ಆಮೇಲೆ, "ಫೋನಲ್ಲಿ ತಕಂಡಿರದ ಅಳ್ಸು" ಎಂದರು. ಅವರ ಕಣ್ಣೆದುರಿಗೇ ನಾಲ್ಕೂ ಪುಟ ಅಳಿಸಿದೆ. "ಸೋಮಾರ ಸೋಮಾರ ಬಾ. ಒಳಗ್ಕೂತು ಆ ದನೀಲಿ ಮಾತಾಡು. ಪುಸ್ತ್ಕ ನಿಂಗೆ ಸಿಕ್ಕದಾ ಇಲ್ವಾ ಆಮ್ಯಾಕೆ ನೋಡವ."

"ಎಷ್ಟು ವಾರ?"

"ಅದು ನಂಗೇನ್ ಗೊತ್ತು. ನೀನೇ ಕರೀದೆ ಇದ್ರೆ ಅವ್ರೆಲ್ಲಿ ಬರೋರು. ನೀನೇ ಕಳುಸ್ಕೊಡು."

ಆ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರು ಇನ್ನೊಂದು ಸಲ ಕೇಳುವ ಆಸೆ ಅವರಿಗೆ, ಕೇಳಿಸಿದರೆ ಪುಸ್ತಕ ನನಗೆ, ಲೆಕ್ಕ ಹೀಗೆ ಎಂದುಕೊಂಡೆ.

ಮೊದಲ ಸೋಮವಾರ ಹೋದೆ. ನಡುಮನೆಯಲ್ಲಿ ನಾನು, ಮುಚ್ಚಿದ ಬಾಗಿಲಾಚೆ ಜಗಲಿಯಲ್ಲಿ ಅವರು, ಮೊರದಲ್ಲಿ ಕಾಳು. ಅವರು ಕೇಳಿದ್ದು ಹೆಸರನ್ನಲ್ಲ. "ಮಂಡಿನೋವು ಎಂಗದೆ?" ಎಂದರು. "ಇತ್ತಲ ತೆಂಗಿನ್ಮರ ನುಸಿ ಇಡ್ದದೆ, ಕಡಿಸ್ಬುಡ್ಲಾ?" ಎಂದರು. ನಾನು ಮೇಷ್ಟ್ರಾಗಿ, ಅಂದರೆ ಏನು, ಅಂದರೆ ಬೇವಿನ ಹಿಂಡಿ ಹಾಕಿಸು ಎಂದೆ. ಅರ್ಧ ಗಂಟೆ ಮರದ ಮಾತು, ಸೊಸೈಟಿ ಅಕ್ಕಿಯ ಮಾತು, ಮಾಲಿನಿಯ ಗಂಡನ ಮುಂಗೋಪದ ಮಾತು. ಉತ್ತರಗಳು ನನಗೆ ತಿಳಿಯುವ ಮೊದಲೇ ಬಾಯಿಗೆ ಬರುತ್ತಿದ್ದವು. ಎದ್ದು ಬರುವಾಗ ನನ್ನ ಮಂಡಿ ನೋಯುತ್ತಿತ್ತು.

ಆ ವಾರ ಸ್ಟುಡಿಯೋದಲ್ಲಿ ರಾಮಾಪುರದ ಲಸಿಕೆಯ ಪ್ರಚಾರ ರೆಕಾರ್ಡ್ ಮಾಡಿದೆ. 'ರೈತಬಾಂಧವರೇ' ಎಂಬುದಕ್ಕೆ ಮುಂಚೆ ಒಂದು ಉಸಿರು ಕೇಳಿತು, ಒಳಗೆಳೆದುಕೊಂಡ ಉಸಿರು. ಕತ್ತರಿಸಿ ಹಾಕಿದೆ. ಮತ್ತೆ ಮಾಡಿದೆ. ಮತ್ತೆ ಇತ್ತು. ಕಂಪ್ಯೂಟರಿನ ಪರದೆಯ ಮೇಲೆ ನನ್ನ ದನಿಯ ಗುಡ್ಡಕ್ಕೆ ಮುಂಚೆ ಒಂದು ಸಣ್ಣ ದಿಬ್ಬ ಕಾಣುತ್ತಿತ್ತು. ಪೆನ್‌ಡ್ರೈವ್ ಇಸಿದುಕೊಳ್ಳಲು ಬಂದ ಮಾದು ಹೆಡ್‌ಫೋನ್ ಹಾಕಿಕೊಂಡು ಕೇಳಿದ.

"ಸಾ, ನೀವ್ ಮಾತಾಡಕ್ ಮುಂಚೆ ಇನ್ಯಾರೋ ಉಸ್ರು ತಕತಾವ್ರೆ."

"ಮೈಕು ಕೆಟ್ಟಿರಬೇಕು."

"ಕೆಟ್ರೆ ಕುಯ್ಗುಟ್ಟದೆ. ಉಸ್ರಾಡದಾ ಸಾ?"

"ಆಸ್ತಮಾ ಬಂದಿರಬೇಕು ಹೋಗೋ" ಎಂದು ಕಳಿಸಿದೆ. ಎರಡು ದಿನ ಬಿಟ್ಟು ಅವನೇ ಹೇಳಿದ: ರಾಮಾಪುರದ ಬಸ್ ಸ್ಟಾಪಿನಲ್ಲಿ ಒಬ್ಬ ವಯಸ್ಸಾದವರು ಜೀಪಿಗೆ ಅಡ್ಡ ನಿಂತು, ಹಾರನ್ನಿನ ಕಡೆ ನೋಡಿ ಕೈ ಮುಗಿದರಂತೆ. ಯಾಕಜ್ಜ ಎಂದರೆ, ನಮ್ ಮೇಷ್ಟ್ರು ಪಾಠ ಶುರು ಮಾಡಕ್ ಮುಂಚೆ ಇಂಗೇ ಉಸ್ರು ತಕತಿದ್ರು ಅಂದರಂತೆ.

ಆ ದಿನ ನನಗೆ ಮೇಷ್ಟ್ರ ಹಳೇ ಪಾಠವೊಂದು ನೆನಪಾಯಿತು. ಸತ್ತವರ ಜೀವ ಬದುಕಿದ್ದವರೊಳಗೆ ಸೇರಿ ಅವರ ಬಾಯಲ್ಲಿ ಮಾತಾಡುವುದಕ್ಕೆ ಯಹೂದ್ಯರಲ್ಲಿ ದಿಬ್ಬುಕ್ ಎಂಬ ಮಾತಿದೆ, ಅಂಟು ಎಂದು ಅರ್ಥ ಎಂದಿದ್ದರು. "ಅಂಟುವಾಳದ ಕಾಯಾ ಸಾ?" ಎಂದು ಕೇಳಿ ಕ್ಲಾಸನ್ನೆಲ್ಲ ನಗಿಸಿದ್ದೆ. ಅವರೂ ನಕ್ಕು, "ಅಂಟುವಾಳವಾದರೆ ಬಟ್ಟೆಯ ಕೊಳೆ ಹೋಗತ್ತೆ. ಇದು ತಿಕ್ಕಿದರೆ ಹೋಗೋದಲ್ಲ. ಹೆಸರು ಹಿಡಿದು ಕೂಗಿ, ಎದುರು ಕೂತು, ಅದಕ್ಕೆ ಹೇಳೋದೆಲ್ಲ ಹೇಳಿ ಮುಗಿಯೋವರೆಗೂ ಕೇಳಬೇಕು. ಅಷ್ಟು ಪುರುಸೊತ್ತು ಇರೋರು ಯಾರು?" ಎಂದಿದ್ದರು.

ಹೋಗಬಾರದು ಎಂದುಕೊಂಡೆ. ಆದರೂ ಎರಡನೆಯ ಸೋಮವಾರ ಹೋದೆ, ಜೀಪಿನ ಉಸಿರಿನ ಸಂಗತಿಯನ್ನು ಚನ್ನಾಜಮ್ಮನವರಿಗೆ ಹೇಳಿದೆ. ಮೂರನೆಯದಕ್ಕೂ ಹೋದೆ. ಬೇರೆ ದಿನಗಳಲ್ಲಿ ಹೆದರಿಕೆ, ಸೋಮವಾರ ಮಾತ್ರ ಕಾಲು ತಾನೇ ಯಳಂದೂರಿನ ಬಸ್ಸು ಹತ್ತುತ್ತಿತ್ತು. ಮೂರನೆಯ ವಾರ ಚನ್ನಾಜಮ್ಮ, "ಆ ಮೊದ್ಲ ಕೂಸು ತೀರ್ಕಂಡಾಗ ನೀವ್ಯಾಕೆ ಅಳ್ನಿಲ್ಲ?" ಎಂದು ಕೇಳಿದರು. ಮೇಷ್ಟ್ರಿಗೆ ಮಾಲಿನಿಗಿಂತ ಮೊದಲೊಂದು ಮಗು ಇತ್ತೆಂದು ನನಗೆ ಗೊತ್ತಿರಲಿಲ್ಲ. ಬಾಯಿ ಉತ್ತರ ಹೇಳಿತು. ಕಿವಿಗೆ ಮತ್ತೆ ಹತ್ತಿ. ಉತ್ತರ ಉದ್ದವಾಗಿತ್ತು, ಯಾಕೆಂದರೆ ಅದು ಮುಗಿಯುವಷ್ಟರಲ್ಲಿ ನನ್ನ ತುಟಿ ಒಣಗಿ ಬಿರಿದಿತ್ತು, ಕೆನ್ನೆ ಒದ್ದೆಯಾಗಿತ್ತು. ಹೊರಗೆ ಮೊರದಲ್ಲಿ ಕಾಳು ಹಾರಿಸುವ ಸದ್ದು ನಿಂತಿರಲಿಲ್ಲ, ನಿಧಾನವಾಗಿತ್ತು ಅಷ್ಟೇ.

ನಾಲ್ಕನೆಯ ವಾರದಿಂದ ದನಿ ತೆಳ್ಳಗಾಯಿತು. 'ಅಂದರೆ ಏನು' ಎನ್ನುವಾಗ ತುದಿಯಲ್ಲಿ ನಾನೇ ಇಣುಕುತ್ತಿದ್ದೆ. ಐದನೆಯ ವಾರ ಅವರು ಕೇಳಿದ ನಾಲ್ಕು ಮಾತಿಗೆ ಒಂದಕ್ಕೆ ಮಾತ್ರ ಉತ್ತರ ಬಂತು. ರೆಕಾರ್ಡಿಂಗಿನ ಮುಂಚಿನ ದಿಬ್ಬ ಗೀರಿನಷ್ಟಾಯಿತು, ಆಮೇಲೆ ಅಳಿಸಿ ಹೋಯಿತು. ಆಗ ನನಗೆ ಬಂದದ್ದು ನೆಮ್ಮದಿಯಲ್ಲ. ಸ್ಟುಡಿಯೋದಲ್ಲಿ ಒಬ್ಬನೇ ಕೂತು ಅವರ ಒಂದೊಂದೇ ಮಾತನ್ನು ಹೇಳಿ ನೋಡುತ್ತಿದ್ದೆ, ಮನೆ ಖಾಲಿ ಮಾಡುತ್ತಿರುವವರ ಹಿಂದೆ ಬಾಗಿಲಿಂದ ಬಾಗಿಲಿಗೆ ಓಡಾಡುವವನ ಹಾಗೆ. ಹೆಸರು ಹೇಳಿಸದಿದ್ದರೆ ಪುಸ್ತಕ ಸಿಗುವುದಿಲ್ಲ, ದನಿ ಹೋದರೆ ಹೆಸರು ಬರುವುದಿಲ್ಲ.

ಆರನೆಯದು ಕಾರ್ತಿಕದ ಸೋಮವಾರ. ಬೆಳಿಗ್ಗೆ ಹನ್ನೊಂದು ಗಂಟೆ. ಒಳಗೆ ಕೂತೆ. ಹೊರಗಿನಿಂದ ಅವರು ಏನೂ ಕೇಳಲಿಲ್ಲ, ಕಾದರು. ನಾನು ಬಾಯಿ ತೆರೆದು, "ಅಂದರೆ ಏನು" ಎಂದೆ. ಜೀಪಿನ ಮೇಲೆ ಕೂತು ಕಣ್ಣಿನ ಶಿಬಿರದ ಸಮಯ ಹೇಳುವವನ ದನಿ ಬಂತು. ಮತ್ತೆ ಹೇಳಿದೆ. ಗಂಟಲು ಕೆರೆದು, ಗಲ್ಲ ಒತ್ತಿ, ಹೊಟ್ಟೆಯಿಂದ ಎತ್ತಿ ಹೇಳಿದೆ. ಮೇಷ್ಟ್ರನ್ನು ಒಂದು ಸಲ ದೂರದಿಂದ ಕಂಡ ಯಾವನೋ ಕೆಟ್ಟ ಮಿಮಿಕ್ರಿಯವನು ಹೇಳಿದ ಹಾಗಿತ್ತು.

ಚನ್ನಾಜಮ್ಮ ಬಾಗಿಲು ತೆರೆದರು. ಕೆಮ್ಮಲಿಲ್ಲ. ಬೆಳಕು ಒಮ್ಮೆಗೇ ಒಳಗೆ ಬಿತ್ತು.

"ಇನ್ನೊಂದ್ಸಲ ಅನ್ನು" ಎಂದರು, ನನ್ನ ಎದುರು ಕೂತು.

ಅಂದೆ.

ಅವರು ಕೈ ಚಾಚಿ ನನ್ನ ಕತ್ತಿನ ಗಂಟಿನ ಮೇಲೆ ಎರಡು ಬೆರಳು ಇಟ್ಟರು. ಕಾಳಿನ ದೂಳು ಹತ್ತಿದ ಬೆರಳು. ಹೆರಿಗೆ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ತೆಗೆದರು.

"ಓಗವ್ರೆ ಬುಡು."

ಎದ್ದು ಹೋಗಿ, ಹಳೇ ಪಂಚೆಯಲ್ಲಿ ಗಂಟು ಕಟ್ಟಿದ್ದ ನೋಟ್‌ಬುಕ್ಕುಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ಹೆಸರು ನಾನು ಹೇಳಲಿಲ್ಲವಲ್ಲ ಅವ್ವ."

"ಯಾರ್ ಕೇಳುದ್ರು ನಿನ್ನ?"

"ಅದಕ್ಕೇ ಕರೆಸಿಕೊಂಡಿರಿ ಅಂದುಕೊಂಡಿದ್ದೆ."

"ಆಸೆ ಇರ್ನಿಲ್ಲ ಅಂತ್ಲಾ ಅಂದ್ಕಂಡೆ? ಇತ್ತು. ಮೊದಲ್ನೇ ವಾರ ನಾಲ್ಗೆ ತುದೀಗ್ ಬಂದಿತ್ತು. ಕೇಳಿದ್ರೆ ಅವ್ರೂ ಅಂದಿರೋರು. ಅಂದ್ರೆ ನಾನೂ ಬುಡ್ತಿರ್ನಿಲ್ಲ." ಸೆರಗಿನಿಂದ ಬೆರಳು ಒರೆಸಿಕೊಂಡರು. "ನಲವತ್ತೆರಡು ವರ್ಸ ಈ ಪುಸ್ತ್ಕದಲ್ಲಿ ಸಿಕ್ಕಾಕಂಡಿದ್ರು. ಸತ್ಮ್ಯಾಕೆ ನಿನ್ ಗಂಟ್ಲಲ್ಲಿ. ಯಾವ್ ಊರ್ ಬೀದೀಲೋ ಜೀಪಿನ್ ಮ್ಯಾಲೆ ಉಸ್ರಾಡ್ಕಂಡು. ಅವ್ರ ಯಾರಾರ ಬುಡ್ಬೇಕಲ್ಲಪ್ಪ. ಅದ್ಕೇ ಬರೀ ಮರದ ಮಾತು, ಅಕ್ಕಿ ಮಾತು, ಕೂಸಿನ್ ಮಾತು ಆಡ್ಸಿ ಆಡ್ಸಿ ಕರ್ಚು ಮಾಡ್ಸ್ದೆ."

"ಪುಸ್ತಕ ನನಗೆ ಯಾಕೆ ಕೊಡ್ತೀರಿ?"

"ನಿನ್ನೊಳ್ಗೆ ಈಗ ಯಾರೂ ಇಲ್ಲ. ಈಗ ಕೊಡ್ಬೋದು."

ಜಗಲಿ ಇಳಿಯುವಾಗ ತಿರುಗಿ ನೋಡಿದೆ. ಅವರು ನಡುಮನೆಯ ಕಿಟಕಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಾಂಬಳ್ಳಿ ದಾಟಿದ ಮೇಲೆ ಗಂಟು ಬಿಚ್ಚಿ ಮೊದಲ ನೋಟ್‌ಬುಕ್ ತೆರೆದೆ. ಪೆನ್ಸಿಲಿನ ಅಕ್ಷರ, ಸಣ್ಣದು, ಬಲಕ್ಕೆ ವಾಲಿದ್ದು. ಓದಿದೆ. ಅರ್ಥವಾಗುತ್ತಿತ್ತು. ಕೊನೆಯಿಲ್ಲದ್ದು ಹಿಂದೆ ಸರಿದದ್ದು, ಸರಿದ ಜಾಗ, ಆ ಜಾಗದ ಕತ್ತಲು. ಪ್ರತಿ ಸಾಲನ್ನೂ ಅವರ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ. ದನಿ ಹೇಗಿತ್ತೆಂದು ನನಗೆ ಗೊತ್ತಿತ್ತು, ವರ್ಣಿಸಬಲ್ಲೆ, ಈಗಲೂ ವರ್ಣಿಸಬಲ್ಲೆ. ಕೇಳಿಸಲಿಲ್ಲ. ಮಾತುಗಳು ಹಾಳೆಯ ಮೇಲೆ ಸದ್ದಿಲ್ಲದೆ ಕೂತಿದ್ದವು. ಅಗರದ ಗದ್ದೆಗಳು ಹೋಗುತ್ತಿದ್ದವು, ಅವುಗಳಲ್ಲಿ ಬಗ್ಗಿದ್ದವರು ಏನೋ ಕೂಗಿಕೊಳ್ಳುತ್ತಿದ್ದರು.

ಕಂಡಕ್ಟರ್ ಬಂದು ಹೆಗಲು ತಟ್ಟಿದ.

"ಎಲ್ಲಿಗೆ ಸಾ?"

"ಕೊಳ್ಳೇಗಾಲ."

ಮೇಷ್ಟ್ರದ್ದಲ್ಲದ, ಗುರುತೇ ಸಿಗದ ಆ ದನಿ ಯಾರದೆಂದು ನಾನು ತಲೆಯೆತ್ತಿ ಪಕ್ಕದ ಸೀಟು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ, ತೆರೆದಿದ್ದದ್ದು ನನ್ನ ಬಾಯಿಯೇ. ಕಂಡಕ್ಟರ್ ಆಗಲೇ ಒಂದು ಟಿಕೆಟ್ ಹರಿದು ನನ್ನ ಕೈಗಿಟ್ಟಿದ್ದ.